ಕರುಳಿನ ಹಾದಿಯೂ ರಕ್ತದ ಸಕ್ಕರೆಯೂ

ವಯಸ್ಕನೊಬ್ಬನ ಶರೀರದಲ್ಲಿ ಸುಮಾರು ೫ ಲೀಟರ್ ರಕ್ತವಿರುತ್ತದೆ. ಬೆಳಗ್ಗೆ ಬರಿಯ ಹೊಟ್ಟೆಯಲ್ಲಿ ಪರೀಕ್ಷಿಸಿದರೆ, ಆರೋಗ್ಯವಂತನ ರಕ್ತದ ಪ್ರತಿ ೧೦೦ ಮಿಲಿಲೀಟರಿನಲ್ಲಿ ಸುಮಾರು ೯೦ ಮಿಲಿಗ್ರಾಂ ಗ್ಲೂಕೋಸ್ ಸಕ್ಕರೆ ಕಂಡುಬರುತ್ತದೆ. ಲೆಕ್ಕ ಹಾಕಿ ನೋಡೋಣ. ಇಡೀ ರಕ್ತದಲ್ಲಿ ಹರಿದಾಡುತ್ತಿರುವ ಸಕ್ಕರೆ ನಾಲ್ಕೂವರೆ ಗ್ರಾಂ. ಎಂದರೆ ಒಂದು ಸಣ್ಣ ಚಮಚ ತುಂಬುವಷ್ಟು ಮಾತ್ರ! ಮಿದುಳೊಂದೇ ಗಂಟೆಗೆ ಸುಮಾರು ೫ ಗ್ರಾಂ ಗ್ಲೂಕೋಸನ್ನು ಬಳಸಿಕೊಳ್ಳುತ್ತದೆ. ಹಾಗಾದರೆ ನಾವು ಮಲಗಿ ಒಂದು ಗಂಟೆಯೊಳಗೆ ರಕ್ತದ ಸಕ್ಕರೆಯೆಲ್ಲ ಮುಗಿದುಹೋಗಬೇಕಲ್ಲವೆ? ಮುಗಿಯುವುದಿಲ್ಲ. ಇನ್ನೊಂದು ಕಡೆ, ಒಂದು ಊಟದ ಅನ್ನದಲ್ಲಿ ೭೫ ಗ್ರಾಂ ಗ್ಲೂಕೋಸ್ ಕೊಡಬಲ್ಲಷ್ಟು ಪಿಷ್ಟ ಇರುವುದು ಅಪರೂಪವೇನೂ ಅಲ್ಲ. ರಕ್ತದಲ್ಲಿರುವುದರ ಹದಿನಾರು ಪಟ್ಟಿಗೂ ಮೀರಿದ ಸಕ್ಕರೆ ಹೊಟ್ಟೆಗೆ ಬಿದ್ದರೂ, ಆರೋಗ್ಯವಂತನ ರಕ್ತದಲ್ಲಿ ಅದರ ಮಟ್ಟ ಒಂದಿಷ್ಟು ಏರಿ, ಎರಡು ಮೂರು ಗಂಟೆಗಳಲ್ಲಿ ಮೊದಲಿನ ಸ್ಥಿತಿಗೆ ಮರಳುತ್ತದೆ.

ಈ ಸ್ಥಿರತೆಯನ್ನು ಕಾಯುತ್ತಿರುವವರು ಯಾರು? ಬಹುಕಾಲ ಇದಕ್ಕೆ ಉತ್ತರವಾಗಿ ಮೇದೋಜೀರಕ ಗ್ರಂಥಿ ಮತ್ತು ಯಕೃತ್ತು ಎಂಬ ಎರಡು ಹೆಸರುಗಳನ್ನು ಮುಖ್ಯವಾಗಿ ಹೇಳುತ್ತಿದ್ದರು. ಆಹಾರ ಹಾದುಹೋಗುವ ಕೊಳವೆಯಾದ ಕರುಳಿಗೂ ಈ ಕಾವಲಿನಲ್ಲಿ ದೊಡ್ಡ ಪಾಲಿದೆಯೆಂಬುದನ್ನು ಎತ್ತಿ ತೋರಿಸಿದ್ದು ತೂಕವನ್ನು ಇಳಿಸುವುದಕ್ಕಾಗಿ ಕೈಗೊಂಡ ಒಂದು ಶಸ್ತ್ರಚಿಕಿತ್ಸೆ. ಆ ಕಥೆಯನ್ನೂ, ಅದರಿಂದ ಎದ್ದ ವಿವಾದವನ್ನೂ, ವಿವಾದ ತೀರುತ್ತ ಬಂದ ಬಗೆಯನ್ನೂ ಈ ಲೇಖನದಲ್ಲಿ ಪರಿಶೀಲಿಸೋಣ.

ಕೆರೆಯ ಲೆಕ್ಕ

ನಮ್ಮ ನಾಡಿನ ಕೆರೆಯೊಂದನ್ನು ನೆನೆದುಕೊಳ್ಳೋಣ. ಹಳ್ಳದಿಂದ ನೀರು ಒಳಕ್ಕೆ ಬರುತ್ತದೆ. ತೂಬಿನ ಮೂಲಕ ಗದ್ದೆಗಳಿಗೆ ಹೊರಡುತ್ತದೆ. ಬರುವುದೂ ಹೋಗುವುದೂ ಸಮನಾಗಿರುವವರೆಗೆ ಕೆರೆಯ ಮಟ್ಟ ಬದಲಾಗದು. ಮಟ್ಟವು ಕದಲದಿದ್ದ ಮಾತ್ರಕ್ಕೆ ನೀರು ನಿಂತಿದೆಯೆಂದು ಭಾವಿಸಲಾಗದು. ರಕ್ತದ ಸಕ್ಕರೆಯ ಸ್ಥಿತಿಯೂ ಹೀಗೆಯೇ. ಅದಕ್ಕೆ ಒಳಹರಿವು ಎರಡು ಕಡೆಯಿಂದ: ಊಟವಾದ ಮೇಲೆ ಕರುಳಿನಿಂದ, ಉಳಿದ ವೇಳೆಯಲ್ಲಿ ಯಕೃತ್ತಿನಿಂದ. ಯಕೃತ್ತು ಸಕ್ಕರೆಯನ್ನು ಗ್ಲೈಕೊಜೆನ್ ಎಂಬ ರೂಪದಲ್ಲಿ ಕೂಡಿಟ್ಟುಕೊಂಡು ರಾತ್ರಿಯೆಲ್ಲ ಸ್ವಲ್ಪ ಸ್ವಲ್ಪವಾಗಿ ಬಿಡುತ್ತಿರುತ್ತದೆ. ಹೊರಹರಿವು ಮಿದುಳು, ಸ್ನಾಯು, ಮೇದಸ್ಸು ಮುಂತಾದುವುಗಳ ಕಡೆಗೆ.

ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್ ಎಂಬ ಹಾರ್ಮೋನು ಈ ಕೆರೆಯ ನೀರುಗಂಟಿ. ಸಕ್ಕರೆಯ ಮಟ್ಟ ಏರಿದೊಡನೆ ಅದು ಸ್ನಾಯು ಮತ್ತು ಮೇದಸ್ಸಿನ ಕಡೆಯ ತೂಬನ್ನು ತೆರೆಯುತ್ತದೆ. ಯಕೃತ್ತಿನ ಕಡೆಯಿಂದ ಬರುವ ಕಾಲುವೆಯನ್ನು ಮುಚ್ಚುತ್ತದೆ. ಎಳೆಯರಲ್ಲಿ ಹೆಚ್ಚಾಗಿ ತೋರುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ತಯಾರಿಸುವ ಜೀವಕೋಶಗಳೇ ನಾಶವಾಗಿರುತ್ತವೆ. ಹೆಚ್ಚು ಜನರನ್ನು ಕಾಡುವ ಎರಡನೆಯ ಬಗೆಯಲ್ಲಿ ನೀರುಗಂಟಿ ಇದ್ದಾನೆ, ಆದರೆ ತೂಬು ಅವನ ಕೈಗೆ ಬಗ್ಗುವುದಿಲ್ಲ. ಸ್ನಾಯುಗಳು ಇನ್ಸುಲಿನ್ನಿಗೆ ಮಣಿಯವು. ಯಕೃತ್ತು ಬೇಡದ ಹೊತ್ತಿನಲ್ಲಿಯೂ ಸಕ್ಕರೆಯನ್ನು ಸುರಿಯುತ್ತದೆ. ಹೆಚ್ಚು ಹೆಚ್ಚು ಇನ್ಸುಲಿನ್ ತಯಾರಿಸಿ ಗ್ರಂಥಿಯೂ ಕ್ರಮೇಣ ಬಳಲುತ್ತದೆ. ಮಟ್ಟವು ೧೦೦ ಮಿಲಿಲೀಟರಿಗೆ ಸುಮಾರು ೧೮೦ ಮಿಲಿಗ್ರಾಂ ದಾಟಿದಾಗ ಮೂತ್ರಪಿಂಡಗಳ ಮೂಲಕ ಸಕ್ಕರೆ ಹೊರಬೀಳತೊಡಗುತ್ತದೆ. ಕೆರೆ ಕೋಡಿ ಬೀಳುತ್ತದೆ. ಸಿಹಿಮೂತ್ರ ರೋಗವೆಂಬ ಹಳೆಯ ಹೆಸರು ಬಂದದ್ದು ಇದರಿಂದಲೇ.

ಇದು ಎಲ್ಲೋ ದೂರದವರ ಸಮಸ್ಯೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಬೆಂಬಲದಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯು ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯನ್ನು ೧೦ ಕೋಟಿ ೧೦ ಲಕ್ಷವೆಂದು ಅಂದಾಜು ಮಾಡಿತು. ಹಲವು ವರ್ಷ ಏರಿಯೇ ಇದ್ದ ಸಕ್ಕರೆಯು ಕಣ್ಣು, ಮೂತ್ರಪಿಂಡ, ನರ, ಹೃದಯ ಇವುಗಳಿಗೆ ತಟ್ಟುತ್ತದೆ. ಒಮ್ಮೆ ಬಂದರೆ ಬಿಡದ ರೋಗ, ದಿನೇ ದಿನೇ ಔಷಧಿ ಹೆಚ್ಚಬೇಕಾದ ರೋಗ ಎಂಬುದೇ ಇದರ ವಿಷಯದಲ್ಲಿ ರೂಢಿಯಾಗಿದ್ದ ನಂಬಿಕೆ.

ಹುಡುಕದೆ ದೊರೆತ ಫಲ

ಜಠರದ ಹುಣ್ಣಿಗೆ ಔಷಧಿಗಳು ಹೆಚ್ಚಿಲ್ಲದಿದ್ದ ಕಾಲದಲ್ಲಿ ಶಸ್ತ್ರವೈದ್ಯರು ಜಠರದ ಒಂದು ಭಾಗವನ್ನೇ ಕತ್ತರಿಸಿ ತೆಗೆಯುತ್ತಿದ್ದರು. ಹಾಗೆ ಚಿಕಿತ್ಸೆ ಪಡೆದ ಕೆಲವರಲ್ಲಿ ಮೊದಲಿನಿಂದ ಇದ್ದ ಮಧುಮೇಹ ತಗ್ಗಿದುದನ್ನು ೧೯೫೫ರಲ್ಲಿ ಅಮೆರಿಕದ ಫ್ರೀಡ್‌ಮನ್ ಮತ್ತು ಅವರ ಸಂಗಡಿಗರು ವರದಿ ಮಾಡಿದರು. ಆಗ ಅದಕ್ಕೆ ಹೆಚ್ಚಿನ ಗಮನ ಸಲ್ಲಲಿಲ್ಲ. ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಎಂಬ ಶಸ್ತ್ರವೈದ್ಯರ ಕಣ್ಣಿಗೆ ಬಿದ್ದದ್ದು ಇನ್ನೊಂದು ಸಂಗತಿ: ಇಂಥ ಚಿಕಿತ್ಸೆಯಾದವರು ತೂಕ ಕಳೆದುಕೊಂಡು ಹಾಗೆಯೇ ಉಳಿಯುತ್ತಿದ್ದರು. ಅತಿಸ್ಥೂಲರಿಗೆ ಇದನ್ನೇ ಚಿಕಿತ್ಸೆಯಾಗಿ ಏಕೆ ಮಾಡಬಾರದೆಂದು ಯೋಚಿಸಿ, ಅವರು ೧೯೬೬ರಲ್ಲಿ ಜಠರದ ಬದಲುದಾರಿಯ ಶಸ್ತ್ರಚಿಕಿತ್ಸೆಗೆ ತೊಡಗಿದರು. ಅದನ್ನು ಗ್ಯಾಸ್ಟ್ರಿಕ್ ಬೈಪಾಸ್ ಎನ್ನುತ್ತಾರೆ.

ಇಂದು ಅದನ್ನು ಮಾಡುವ ಕ್ರಮ ಹೀಗೆ. ಜಠರವು ಒಂದು ಲೀಟರಿಗೂ ಹೆಚ್ಚು ಹಿಡಿಸಬಲ್ಲ ಚೀಲ. ಅದರ ಮೇಲ್ತುದಿಯಲ್ಲಿ ಸುಮಾರು ೩೦ ಮಿಲಿಲೀಟರ್ ಹಿಡಿಸುವ ಒಂದು ಕಿರುಚೀಲವನ್ನು ಉಳಿದ ಭಾಗದಿಂದ ಬೇರ್ಪಡಿಸುತ್ತಾರೆ. ಬಳಿಕ ಸಣ್ಣಕರುಳನ್ನು ಅದರ ಆರಂಭದಿಂದ ಕೊಂಚ ದೂರದಲ್ಲಿ ಕತ್ತರಿಸಿ, ಕೆಳಭಾಗದ ತುದಿಯನ್ನು ಮೇಲೆಳೆದು ಕಿರುಚೀಲಕ್ಕೆ ಹೊಲಿಯುತ್ತಾರೆ. ಆಹಾರವು ಈಗ ದೊಡ್ಡ ಜಠರವನ್ನೂ, ಸಣ್ಣಕರುಳಿನ ಮೊದಲ ಭಾಗವಾದ ಡ್ಯುಯೋಡಿನಮ್ಮನ್ನೂ ಮುಟ್ಟದೆ ನೇರವಾಗಿ ಮುಂದಿನ ಕರುಳಿಗೆ ಇಳಿಯುತ್ತದೆ. ಪಿತ್ತರಸ ಮತ್ತು ಮೇದೋಜೀರಕ ರಸಗಳು ಮಾತ್ರ ಹಳೆಯ ದಾರಿಯಲ್ಲಿಯೇ ಹರಿದು, ಸುಮಾರು ಒಂದು ಮೀಟರ್ ಕೆಳಗೆ ಆಹಾರವನ್ನು ಕೂಡಿಕೊಳ್ಳುತ್ತವೆ. ಎರಡು ಹೊಳೆಗಳು ಸೇರಿ ಒಂದಾಗುವ ಸಂಗಮದ ಆಕಾರ ಇದಕ್ಕೆ ಬರುತ್ತದೆ.

ತೂಕವೇನೋ ಇಳಿಯಿತು. ಅದರೊಡನೆ ಯಾರೂ ಅಪೇಕ್ಷಿಸದಿದ್ದ ಫಲವೊಂದು ಕಂಡಿತು. ಉತ್ತರ ಕೆರೊಲಿನಾದ ಶಸ್ತ್ರವೈದ್ಯ ವಾಲ್ಟರ್ ಪೋರೀಸ್ ಮತ್ತು ಅವರ ಸಹೋದ್ಯೋಗಿಗಳು ತಮ್ಮ ೧೪ ವರ್ಷಗಳ ಅನುಭವವನ್ನು ೧೯೯೫ರಲ್ಲಿ ಪ್ರಕಟಿಸಿದರು. ಅವರು ಚಿಕಿತ್ಸೆ ಮಾಡಿದ ೬೦೮ ಮಂದಿಯ ಪೈಕಿ, ಎರಡನೆಯ ಬಗೆಯ ಮಧುಮೇಹವಿದ್ದು ಮುಂದೆಯೂ ಪರೀಕ್ಷೆಗೆ ಒಳಪಟ್ಟವರು ೧೪೬ ಜನ. ಅವರಲ್ಲಿ ೧೨೧ ಜನರ ಸಕ್ಕರೆ ಸಾಮಾನ್ಯ ಮಟ್ಟದಲ್ಲಿ ನಿಂತಿತ್ತು. ಎಂದರೆ ನೂರಕ್ಕೆ ೮೩. ಸ್ವತಃ ಲೇಖಕರೇ ಶೀರ್ಷಿಕೆಯಲ್ಲಿ ತಮ್ಮ ಅಚ್ಚರಿಯನ್ನು ಮುಚ್ಚಿಡಲಿಲ್ಲ.

ಇನ್ನೂ ಸೋಜಿಗದ ವಿಷಯವೆಂದರೆ ಈ ಬದಲಾವಣೆಯ ವೇಗ. ತೂಕ ಇಳಿಯಲು ತಿಂಗಳುಗಳು ಬೇಕು; ಸಕ್ಕರೆಯಾದರೋ ಅನೇಕರಲ್ಲಿ ಕೆಲವೇ ದಿನಗಳಲ್ಲಿ ಇಳಿಯಿತು. ಇನ್ಸುಲಿನ್ ಚುಚ್ಚಿಸಿಕೊಳ್ಳುತ್ತ ಆಸ್ಪತ್ರೆಗೆ ಬಂದವರು ಅದಿಲ್ಲದೆ ಮನೆಗೆ ಮರಳಿದ್ದುಂಟು. ಕಾರಣವು ಕಾರ್ಯಕ್ಕಿಂತ ಮುಂಚೆ ಇರಬೇಕೆಂಬುದು ವಿಜ್ಞಾನದ ಮೊದಲ ಪಾಠ. ತೂಕ ಇಳಿಯುವುದಕ್ಕೆ ಮುಂಚೆಯೇ ಸಕ್ಕರೆ ಇಳಿದಮೇಲೆ, ಅದಕ್ಕೆ ತೂಕದ ಇಳಿತವು ಕಾರಣವೆಂದು ಹೇಳುವುದು ಹೇಗೆ?

ಕರುಳು ಕಳುಹಿಸುವ ದೂತ

ಉತ್ತರದ ಒಂದು ಸುಳಿವು ಬಹಳ ಹಿಂದಿನಿಂದಲೇ ಕಾದು ಕುಳಿತಿತ್ತು. ೧೯೦೨ರಲ್ಲಿ ಲಂಡನ್ನಿನ ಬೇಲಿಸ್ ಮತ್ತು ಸ್ಟಾರ್ಲಿಂಗ್ ಕರುಳಿನ ಒಳಪೊರೆಯಿಂದ ಹೊರಟು ರಕ್ತದ ಮೂಲಕ ಮೇದೋಜೀರಕ ಗ್ರಂಥಿಯನ್ನು ಎಚ್ಚರಿಸುವ ಸೆಕ್ರೆಟಿನ್ ಎಂಬ ವಸ್ತುವನ್ನು ಕಂಡುಹಿಡಿದರು. ಹಾರ್ಮೋನು ಎಂಬ ಪದವನ್ನು ಸ್ಟಾರ್ಲಿಂಗ್ ೧೯೦೫ರಲ್ಲಿ ಬಳಕೆಗೆ ತಂದದ್ದು ಇಂಥ ವಸ್ತುಗಳಿಗಾಗಿಯೇ. ಹೀಗೆ ಹಾರ್ಮೋನುಗಳ ವಿಜ್ಞಾನ ಹುಟ್ಟಿದ್ದು ಕರುಳಿನಲ್ಲಿ ಎನ್ನಬಹುದು.

ಆದರೆ ರಕ್ತದಲ್ಲಿ ಅತ್ಯಲ್ಪವಾಗಿರುವ ಹಾರ್ಮೋನನ್ನು ಅಳೆಯುವ ಬಗೆ ತಿಳಿಯದೆ ಮುಂದುವರಿಯುವುದು ಸಾಧ್ಯವಿರಲಿಲ್ಲ. ಆ ಬಾಗಿಲನ್ನು ತೆರೆದವರು ನ್ಯೂಯಾರ್ಕಿನ ರೊಸಲಿನ್ ಯಾಲೊ ಎಂಬ ಭೌತವಿಜ್ಞಾನಿ ಮತ್ತು ಸಾಲಮನ್ ಬರ್ಸನ್ ಎಂಬ ವೈದ್ಯ. ಇನ್ಸುಲಿನ್ನಿಗೆ ವಿಕಿರಣಶೀಲ ಅಯೊಡಿನ್ನಿನ ಗುರುತು ಹಚ್ಚಿ ಅದರ ಮೊತ್ತವನ್ನು ಅಳೆಯುವ ವಿಧಾನವನ್ನು ಅವರು ೧೯೫೦ರ ದಶಕದ ಕೊನೆಯ ಹೊತ್ತಿಗೆ ರೂಪಿಸಿದ್ದರು. ಇದಕ್ಕಾಗಿ ಯಾಲೊ ಅವರಿಗೆ ೧೯೭೭ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಬರ್ಸನ್ ಅಷ್ಟರೊಳಗೆ ತೀರಿಕೊಂಡಿದ್ದರು. ಭೌತವಿಜ್ಞಾನವನ್ನು ಓದುವವರು ಹೆಮ್ಮೆಪಡಬಹುದಾದ ಪ್ರಸಂಗವಿದು.

ಈ ಅಳತೆಗೋಲನ್ನು ಹಿಡಿದು ೧೯೬೪ರಲ್ಲಿ ನಡೆಸಿದ ಪ್ರಯೋಗಗಳು ಬಹಳ ಸರಳವಾದುವು. ಗ್ಲೂಕೋಸನ್ನು ಒಮ್ಮೆ ನೇರವಾಗಿ ಅಭಿಧಮನಿಗೆ ಚುಚ್ಚಿದರು. ಇನ್ನೊಮ್ಮೆ ಬಾಯಿಯ ಅಥವಾ ಕರುಳಿನ ಮೂಲಕ ಕೊಟ್ಟರು. ರಕ್ತದ ಸಕ್ಕರೆಯನ್ನು ಮಾತ್ರ ನೋಡಿ ಇನ್ಸುಲಿನ್ ಹೊರಡುವುದಾದರೆ, ಸಕ್ಕರೆ ಹೆಚ್ಚು ಏರಿದ ಮೊದಲನೆಯ ಸಂದರ್ಭದಲ್ಲಿ ಇನ್ಸುಲಿನ್ ಕೂಡ ಹೆಚ್ಚಾಗಬೇಕಿತ್ತು. ಕಂಡುಬಂದದ್ದು ಅದಕ್ಕೆ ವಿರುದ್ಧ. ಕರುಳಿನ ಮೂಲಕ ಹೋದ ಸಕ್ಕರೆಗೇ ಹೆಚ್ಚಿನ ಇನ್ಸುಲಿನ್ ಹೊರಟಿತು! ಎಂದಮೇಲೆ ಸಕ್ಕರೆ ರಕ್ತಕ್ಕೆ ಇಳಿಯುವ ಮುಂಚೆಯೇ ‘ಬರುತ್ತಿದೆ, ಸಿದ್ಧನಾಗು’ ಎಂದು ಕರುಳು ನೀರುಗಂಟಿಗೆ ಹೇಳಿಕಳುಹಿಸುತ್ತದೆಂದು ಸ್ಪಷ್ಟವಾಯಿತು. ಊಟದ ಬಳಿಕ ಹೊರಡುವ ಇನ್ಸುಲಿನ್ನಿನಲ್ಲಿ ಅರ್ಧಕ್ಕೆ ಕಡಮೆಯಿಲ್ಲದಷ್ಟು ಈ ಹೇಳಿಕೆಯಿಂದಲೇ ಬರುವುದೆಂದು ಮುಂದೆ ತಿಳಿಯಿತು.

ಇಂಥ ದೂತರಲ್ಲಿ ಇಬ್ಬರು ಮುಖ್ಯರು. ಜಿ.ಐ.ಪಿ. ಎಂಬುದು ಕರುಳಿನ ಮೇಲ್ಭಾಗದಿಂದಲೂ, ಜಿ.ಎಲ್.ಪಿ.-೧ ಎಂಬುದು ಬಹುಮಟ್ಟಿಗೆ ಕೆಳಭಾಗದಿಂದಲೂ ಹೊರಡುತ್ತವೆ. ೧೯೮೦ರ ದಶಕದಲ್ಲಿ ಗುರುತು ಹತ್ತಿದ ಈ ಎರಡನೆಯದು ಇನ್ಸುಲಿನ್ನನ್ನು ಹೆಚ್ಚಿಸುವುದರ ಜೊತೆಗೆ ಜಠರದಿಂದ ಆಹಾರ ಇಳಿಯುವುದನ್ನು ನಿಧಾನಗೊಳಿಸಿ, ಮಿದುಳಿನಲ್ಲಿ ಹಸಿವನ್ನೂ ತಗ್ಗಿಸುತ್ತದೆ.

ಎರಡು ವಾದಗಳು

ಈಗ ಬದಲುದಾರಿಯ ಶಸ್ತ್ರಚಿಕಿತ್ಸೆಯನ್ನು ಮತ್ತೆ ನೋಡೋಣ. ದಾರಿ ಬದಲಾದುದರಿಂದ ಎರಡು ವ್ಯತ್ಯಾಸಗಳು ಒಟ್ಟಿಗೆ ಆಗಿವೆ: ಕರುಳಿನ ಮುಂಭಾಗಕ್ಕೆ ಆಹಾರ ತಪ್ಪಿತು, ಹಿಂಭಾಗಕ್ಕೆ ಆಹಾರ ಬೇಗನೆಯೂ ಹೆಚ್ಚಾಗಿಯೂ ತಲಪಿತು. ಯಾವುದು ಸಕ್ಕರೆಯನ್ನು ಇಳಿಸಿತು? ಒಂದು ಗುಂಪು ಮುಂಗರುಳಿನ ವಾದವನ್ನು ಹಿಡಿಯಿತು. ರೋಗಿಯಲ್ಲಿ ಮುಂಗರುಳಿನಿಂದ ಇನ್ಸುಲಿನ್ನಿಗೆ ಅಡ್ಡಿಯಾಗುವ ಯಾವುದೋ ಸಂಕೇತ ಹೊರಡುತ್ತಿರಬೇಕು, ಆಹಾರ ತಪ್ಪಿದೊಡನೆ ಅದು ನಿಲ್ಲುತ್ತದೆ ಎಂಬುದು ಅವರ ತರ್ಕ. ಹಿಂಗರುಳಿಗೆ ಆಹಾರ ಬೇಗ ಮುಟ್ಟಿ ಜಿ.ಎಲ್.ಪಿ.-೧ ಹೆಚ್ಚುವುದೇ ಕಾರಣವೆಂದು ಇನ್ನೊಂದು ಗುಂಪು ಹೇಳಿತು.

ಮೊದಲನೆಯ ವಾದಕ್ಕೆ ಬಲ ಕೊಟ್ಟವರು ಇಟಲಿಯ ಶಸ್ತ್ರವೈದ್ಯ ಫ್ರಾನ್ಸೆಸ್ಕೊ ರುಬಿನೊ. ಜಪಾನಿನಲ್ಲಿ ಬೆಳೆಸಿದ ಗೊಟೊ-ಕಾಕಿಝಾಕಿ ಎಂಬ ಇಲಿಯ ತಳಿಯೊಂದಿದೆ. ಅವು ಕೊಬ್ಬದೆಯೇ ಮಧುಮೇಹಕ್ಕೆ ಈಡಾಗುತ್ತವೆ. ರುಬಿನೊ ಅವುಗಳ ಜಠರವನ್ನು ಹಾಗೆಯೇ ಬಿಟ್ಟು, ಮುಂಗರುಳನ್ನು ಮಾತ್ರ ಆಹಾರದ ದಾರಿಯಿಂದ ಹೊರಗಿಟ್ಟರು. ಸಕ್ಕರೆಯ ಸ್ಥಿತಿ ಸುಧಾರಿಸಿತೆಂದು ೨೦೦೪ರಲ್ಲಿ ವರದಿ ಮಾಡಿದರು. ೨೦೦೬ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಆಹಾರಕ್ಕೆ ಅಡ್ಡದಾರಿಯನ್ನು ಮಾಡಿಕೊಟ್ಟೂ ಮುಂಗರುಳಿನ ದಾರಿಯನ್ನು ಮುಚ್ಚದೆ ಬಿಟ್ಟಾಗ ಫಲ ಕಾಣಲಿಲ್ಲ. ಅದನ್ನು ಮುಚ್ಚಿದಾಗ ಕಂಡಿತು. ಮುಚ್ಚಿದ್ದನ್ನು ತೆರೆದಾಗ ಮತ್ತೆ ಹೋಯಿತು. ಒಂದು ಗುಂಡಿಯನ್ನು ಒತ್ತಿ, ಬಿಟ್ಟು, ದೀಪವನ್ನು ಪರೀಕ್ಷಿಸಿದಂತಹ ಪ್ರಯೋಗವಿದು.

ಎರಡನೆಯ ವಾದಕ್ಕೂ ಚಂದವಾದ ಪುರಾವೆ ದೊರೆಯಿತು. ಬದಲುದಾರಿಯ ಚಿಕಿತ್ಸೆಯಾಗಿದ್ದ ರೋಗಿಯೊಬ್ಬರಿಗೆ ಬೇರೊಂದು ತೊಂದರೆಯಿಂದಾಗಿ, ಹೊರಗುಳಿದಿದ್ದ ಹಳೆಯ ಜಠರದೊಳಕ್ಕೆ ಕೊಳವೆಯನ್ನು ಇಡಬೇಕಾಗಿ ಬಂದಿತ್ತು. ಡೆನ್ಮಾರ್ಕಿನ ಸಂಶೋಧಕರು ಇದರ ಪ್ರಯೋಜನವನ್ನು ಪಡೆದುಕೊಂಡರು. ಒಂದೇ ದ್ರವಾಹಾರವನ್ನು ಒಂದು ದಿನ ಬಾಯಿಯಿಂದ, ಎಂದರೆ ಹೊಸ ದಾರಿಯಲ್ಲಿ, ಇನ್ನೊಂದು ದಿನ ಕೊಳವೆಯಿಂದ, ಎಂದರೆ ಹಳೆಯ ದಾರಿಯಲ್ಲಿ ಕೊಟ್ಟು ನೋಡಿದರು. ೨೦೧೦ರಲ್ಲಿ ಪ್ರಕಟವಾದ ಅವರ ಲೇಖನದಂತೆ, ಹೊಸ ದಾರಿಯಲ್ಲಿ ಹೋದಾಗ ಜಿ.ಎಲ್.ಪಿ.-೧ ಅನೇಕ ಪಟ್ಟು ಹೆಚ್ಚಾಗಿತ್ತು, ಇನ್ಸುಲಿನ್ನೂ ಹೆಚ್ಚಿತ್ತು. ಅದೇ ವ್ಯಕ್ತಿ, ಅದೇ ತೂಕ, ಅದೇ ಆಹಾರ, ಬದಲಾದದ್ದು ಹಾದಿಯೊಂದೇ.

ಆದರೂ ಎರಡು ವಾದಗಳಲ್ಲಿ ಯಾವುದೊಂದೂ ಪೂರ್ತಿಯಾಗಿ ಗೆಲ್ಲಲಿಲ್ಲ. ಜಠರದ ಮುಕ್ಕಾಲು ಭಾಗವನ್ನು ಉದ್ದಕ್ಕೆ ಕತ್ತರಿಸಿ ತೆಗೆದು, ಉಳಿದುದನ್ನು ಅಂಗಿಯ ತೋಳಿನಂತೆ ಕಿರಿದಾದ ನಾಳವನ್ನಾಗಿಸುವ ಇನ್ನೊಂದು ಶಸ್ತ್ರಚಿಕಿತ್ಸೆಯುಂಟು. ಅದರಲ್ಲಿ ಕರುಳನ್ನು ಮುಟ್ಟುವುದೇ ಇಲ್ಲ. ಆಹಾರ ಮುಂಗರುಳಿನ ಮೂಲಕವೇ ಸಾಗುತ್ತದೆ. ಆದರೂ ಸಕ್ಕರೆ ಇಳಿಯುತ್ತದೆ! ಮುಂಗರುಳಿನ ವಾದಕ್ಕೆ ಇದು ತೊಡಕು. ಇನ್ನು ಜಿ.ಎಲ್.ಪಿ.-೧ರ ಸಂದೇಶವನ್ನು ಸ್ವೀಕರಿಸಲಾರದಂತೆ ಮಾಡಿದ ಇಲಿಗಳಲ್ಲಿಯೂ ಶಸ್ತ್ರಚಿಕಿತ್ಸೆಯ ಫಲ ಕಂಡುಬಂದಿತು. ಹಿಂಗರುಳಿನ ವಾದಕ್ಕೆ ಇದು ತೊಡಕು. ಪಿತ್ತರಸದ ಆಮ್ಲಗಳಲ್ಲಿ ಆಗುವ ಮಾರ್ಪಾಡು ಒಂದು ಕಾರಣವೆಂದು ಕೆಲವರು ತೋರಿಸಿದರು. ಹೊಸ ದಾರಿಯ ಕರುಳು ದಪ್ಪನಾಗಿ ಬೆಳೆದು ತಾನೇ ಹೆಚ್ಚು ಗ್ಲೂಕೋಸನ್ನು ಬಳಸಿಕೊಳ್ಳುವುದನ್ನು ಬಾಸ್ಟನ್ನಿನ ಸಂಶೋಧಕರು ೨೦೧೩ರಲ್ಲಿ ಇಲಿಗಳಲ್ಲಿ ಕಂಡರು.

ಉಪವಾಸದ ಪಾಲು

ಇಷ್ಟರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ವಿಶ್ವವಿದ್ಯಾನಿಲಯದ ರಾಯ್ ಟೇಲರ್ ಒಂದು ಸರಳ ಪ್ರಶ್ನೆಯನ್ನು ಎತ್ತಿದರು. ಶಸ್ತ್ರಚಿಕಿತ್ಸೆಯಾದವನು ಮೊದಲ ದಿನಗಳಲ್ಲಿ ತಿನ್ನುವುದಾದರೂ ಎಷ್ಟು? ಕೆಲವು ಗುಟುಕು ದ್ರವಾಹಾರ ಮಾತ್ರ. ಸಕ್ಕರೆ ಇಳಿಯಲು ಈ ಅರೆ ಉಪವಾಸವೇ ಏಕೆ ಕಾರಣವಾಗಿರಬಾರದು?

ಪರೀಕ್ಷಿಸುವ ಬಗೆಯೂ ಸರಳವಾಗಿತ್ತು: ಶಸ್ತ್ರವನ್ನು ಮುಟ್ಟದೆ ಉಪವಾಸವನ್ನು ಮಾತ್ರ ಮಾಡಿಸುವುದು. ಎರಡನೆಯ ಬಗೆಯ ಮಧುಮೇಹವಿದ್ದ ೧೧ ಮಂದಿಗೆ ದಿನಕ್ಕೆ ಸುಮಾರು ೬೦೦ ಕಿಲೊಕ್ಯಾಲೊರಿಯ ಆಹಾರವನ್ನು ಎಂಟು ವಾರ ಕೊಟ್ಟರು. ವಯಸ್ಕನೊಬ್ಬನ ಸಾಮಾನ್ಯ ಆಹಾರದ ಮೂರನೆಯ ಒಂದು ಪಾಲಿಗಿಂತಲೂ ಇದು ಕಡಮೆ. ಫಲವನ್ನು ೨೦೧೧ರಲ್ಲಿ ಪ್ರಕಟಿಸಿದರು. ಒಂದೇ ವಾರದಲ್ಲಿ ಬರಿಯ ಹೊಟ್ಟೆಯ ಸಕ್ಕರೆ ಸಾಮಾನ್ಯ ಮಟ್ಟಕ್ಕೆ ಬಂದಿತ್ತು. ಕಾಂತಕ್ಷೇತ್ರದ ಅನುರಣನವನ್ನು ಉಪಯೋಗಿಸಿ ಅಂಗಗಳ ಒಳಗಿನ ಕೊಬ್ಬನ್ನು ಅಳೆದಾಗ, ಯಕೃತ್ತಿನ ಕೊಬ್ಬು ಬೇಗನೆ ಕರಗಿದ್ದು ಕಂಡಿತು; ಕೊಬ್ಬು ಕರಗಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಮತ್ತೆ ಕೇಳತೊಡಗಿತ್ತು. ಮೇದೋಜೀರಕ ಗ್ರಂಥಿಯ ಕೊಬ್ಬು ನಿಧಾನವಾಗಿ ಇಳಿದು, ಎಂಟು ವಾರಗಳ ಹೊತ್ತಿಗೆ ಇನ್ಸುಲಿನ್ ಹೊರಡುವ ಕ್ರಮವೂ ಸುಧಾರಿಸಿತ್ತು. ಮುಂದೆ ಸ್ಕಾಟ್ಲೆಂಡಿನಲ್ಲಿಯೂ ಉತ್ತರ ಇಂಗ್ಲೆಂಡಿನಲ್ಲಿಯೂ ಸುಮಾರು ೩೦೦ ಮಂದಿಯ ಮೇಲೆ ನಡೆದು ೨೦೧೭ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪಥ್ಯದಿಂದ ತೂಕ ಇಳಿಸಿದ ಗುಂಪಿನ ನೂರಕ್ಕೆ ೪೬ ಮಂದಿ ಒಂದು ವರ್ಷದ ಬಳಿಕ ಔಷಧಿಯಿಲ್ಲದೆ ಮಧುಮೇಹದ ಮಟ್ಟದಿಂದ ಕೆಳಗಿದ್ದರು; ವಾಡಿಕೆಯ ಚಿಕಿತ್ಸೆಯ ಗುಂಪಿನಲ್ಲಿ ಅಂಥವರು ನೂರಕ್ಕೆ ೪.

ತಕ್ಕಡಿಯ ತೀರ್ಪು

ಎರಡು ಕಾರಣಗಳು ಒಟ್ಟಿಗೆ ಕೆಲಸಮಾಡುತ್ತಿರುವಾಗ ಒಂದನ್ನು ಸ್ಥಿರವಾಗಿರಿಸಿ ಇನ್ನೊಂದನ್ನು ಬದಲಾಯಿಸಬೇಕು. ಅನಿಲದ ಒತ್ತಡವನ್ನು ಅಭ್ಯಸಿಸುವಾಗ ಉಷ್ಣತೆಯನ್ನು ಸ್ಥಿರವಾಗಿಡುವುದು ಪ್ರಯೋಗಶಾಲೆಯಲ್ಲಿ ನಾವೆಲ್ಲ ಕಲಿಯುವ ಪಾಠವೇ ಆಗಿದೆ. ಅಮೆರಿಕದ ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಸ್ಯಾಮ್ಯುಯೆಲ್ ಕ್ಲೈನ್ ಮತ್ತು ಸಂಗಡಿಗರು ಇಲ್ಲಿ ಮಾಡಿದ್ದು ಅದನ್ನೇ. ಮಧುಮೇಹವಿದ್ದ ಸ್ಥೂಲಕಾಯರಲ್ಲಿ ೧೧ ಮಂದಿ ಪಥ್ಯದಿಂದಲೂ, ೧೧ ಮಂದಿ ಬದಲುದಾರಿಯ ಶಸ್ತ್ರಚಿಕಿತ್ಸೆಯಿಂದಲೂ ತೂಕ ಇಳಿಸಿಕೊಂಡರು. ಎರಡು ಗುಂಪಿನವರೂ ಸಮನಾಗಿ ಸುಮಾರು ನೂರಕ್ಕೆ ೧೮ರಷ್ಟು ತೂಕ ಕಳೆದುಕೊಳ್ಳುವವರೆಗೆ ಕಾದು ಆಮೇಲೆ ಅಳತೆಗಳನ್ನು ತೆಗೆದರು. ೨೦೨೦ರಲ್ಲಿ ಪ್ರಕಟವಾದ ಫಲಿತಾಂಶ ಅನೇಕರನ್ನು ಬೆರಗುಗೊಳಿಸಿತು. ಯಕೃತ್ತು, ಸ್ನಾಯು, ಮೇದಸ್ಸುಗಳು ಇನ್ಸುಲಿನ್ನಿಗೆ ಮಣಿಯುವುದರಲ್ಲಾಗಲಿ, ಇನ್ಸುಲಿನ್ ಕೊಡುವ ಜೀವಕೋಶಗಳ ಶಕ್ತಿಯಲ್ಲಾಗಲಿ ಎರಡು ಗುಂಪುಗಳ ನಡುವೆ ಗಣನೀಯ ಅಂತರ ಕಾಣಲಿಲ್ಲ. ಚೇತರಿಕೆಯ ಬಹುಭಾಗಕ್ಕೆ ತೂಕದ ಇಳಿತವೇ ಕಾರಣವೆಂದು ತಕ್ಕಡಿ ತೀರ್ಪು ಕೊಟ್ಟಂತಾಯಿತು.

ಹಾಗಾದರೆ ಕರುಳಿನ ದೂತರ ಕಥೆಯೆಲ್ಲ ವ್ಯರ್ಥವೆ? ಹಾಗಲ್ಲ. ಪ್ರಶ್ನೆಯನ್ನು ಬೇರೊಂದು ಬಗೆಯಿಂದ ಕೇಳಬೇಕು. ಪಥ್ಯದಿಂದ ಅಷ್ಟು ತೂಕ ಇಳಿಸಿ ಹಾಗೆಯೇ ನಿಲ್ಲುವುದು ಬಹಳ ಮಂದಿಗೆ ಏಕೆ ಆಗುವುದಿಲ್ಲ? ತೂಕ ಇಳಿದಂತೆ ಶರೀರವು ಹಸಿವನ್ನು ಹೆಚ್ಚಿಸಿ, ಖರ್ಚನ್ನು ತಗ್ಗಿಸಿ, ಕಳೆದುದನ್ನು ಮರಳಿ ಪಡೆಯಲು ಹೆಣಗುತ್ತದೆ. ಇಲ್ಲಿ ಸೋಲುವವನನ್ನು ನಾಲಗೆಯ ದಾಸನೆಂದು ಹಳಿಯುವುದು ಅನ್ಯಾಯ. ಅವನು ಎದುರಿಸುತ್ತಿರುವುದು ತನ್ನ ದೇಹದ್ದೇ ಆದ ಒಂದು ಪ್ರಬಲ ವ್ಯವಸ್ಥೆಯನ್ನು. ಶಸ್ತ್ರಚಿಕಿತ್ಸೆಯ ಬಳಿಕ ಹಸಿವು ತಾನಾಗಿಯೇ ತಗ್ಗುವುದು ಕರುಳಿನಿಂದ ಮಿದುಳಿಗೆ ಹೋಗುವ ಸಂದೇಶಗಳು ಬದಲಾದುದರಿಂದ. ಆದುದರಿಂದ ಮೂರು ಹಂತಗಳನ್ನು ನಾವು ಬೇರೆಬೇರೆಯಾಗಿ ಗುರುತಿಸಬೇಕು. ಮೊದಲ ದಿನಗಳಲ್ಲಿ ಅರೆ ಉಪವಾಸವು ಯಕೃತ್ತನ್ನು ಹಗುರಗೊಳಿಸುತ್ತದೆ. ಊಟದ ಹೊತ್ತಿನಲ್ಲಿ ಕರುಳಿನ ದೂತರು ಇನ್ಸುಲಿನ್ನನ್ನು ಬೇಗನೆ ಎಬ್ಬಿಸುತ್ತಾರೆ. ವರ್ಷಗಳ ಅವಧಿಯಲ್ಲಿ ಅದೇ ದೂತರು ಹಸಿವನ್ನು ಅಂಕೆಯಲ್ಲಿಟ್ಟು, ಇಳಿದ ತೂಕ ಏರದಂತೆ ನೋಡಿಕೊಳ್ಳುತ್ತಾರೆ. ತೂಕವೂ ಕರುಳೂ ಪ್ರತಿಸ್ಪರ್ಧಿಗಳಲ್ಲ. ಒಂದರ ಕೆಲಸ ಇನ್ನೊಂದರ ಮೂಲಕ ನಡೆಯುತ್ತದೆ.

ವರ್ಷಗಳ ಲೆಕ್ಕ

ಈ ಲಾಭ ಎಷ್ಟು ಕಾಲ ನಿಲ್ಲುವುದು? ಕ್ಲೀವ್‌ಲೆಂಡಿನ ಫಿಲಿಪ್ ಶಾವರ್ ಮತ್ತು ಸಂಗಡಿಗರು ೧೫೦ ಮಂದಿ ಮಧುಮೇಹಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿದರು. ಕೆಂಪು ರಕ್ತಕಣಗಳ ಹೀಮೊಗ್ಲೋಬಿನ್ನಿಗೆ ಅಂಟಿಕೊಂಡ ಸಕ್ಕರೆಯು ಹಿಂದಿನ ಎರಡು ಮೂರು ತಿಂಗಳುಗಳ ಸರಾಸರಿಯನ್ನು ತಿಳಿಸುತ್ತದೆ. ಅದನ್ನು ನೂರಕ್ಕೆ ೬ ಅಥವಾ ಅದಕ್ಕಿಂತ ಕೆಳಗೆ ತರುವುದು ಅವರ ಗುರಿ. ಒಂದು ವರ್ಷದ ಕೊನೆಯಲ್ಲಿ ಔಷಧಿ ಮಾತ್ರ ಪಡೆದವರಲ್ಲಿ ನೂರಕ್ಕೆ ೧೨, ಬದಲುದಾರಿಯವರಲ್ಲಿ ೪೨, ಜಠರವನ್ನು ಕಿರಿದಾಗಿಸಿಕೊಂಡವರಲ್ಲಿ ೩೭ ಮಂದಿ ಗುರಿ ಮುಟ್ಟಿದರು. ಐದು ವರ್ಷಗಳ ಬಳಿಕ, ೨೦೧೭ರ ವರದಿಯಲ್ಲಿ, ಈ ಅಂಕಿಗಳು ಕ್ರಮವಾಗಿ ೫, ೨೯, ೨೩ಕ್ಕೆ ಇಳಿದಿದ್ದುವು. ಸ್ವೀಡನ್ನಿನಲ್ಲಿ ೧೯೮೭ರಿಂದ ನಡೆದುಬಂದ ದೀರ್ಘ ಅಧ್ಯಯನದಲ್ಲಿಯೂ, ಶಸ್ತ್ರಚಿಕಿತ್ಸೆಯಾದವರ ಪೈಕಿ ಎರಡು ವರ್ಷಕ್ಕೆ ನೂರಕ್ಕೆ ೭೨ ಮಂದಿಯಲ್ಲಿ ಶಮನವಾಗಿದ್ದ ಮಧುಮೇಹ, ೧೫ ವರ್ಷಗಳ ಬಳಿಕ ೩೦ ಮಂದಿಯಲ್ಲಿ ಮಾತ್ರ ಹಾಗೆ ಉಳಿದಿತ್ತು. ಹೋಲಿಕೆಗೆ ಇಟ್ಟುಕೊಂಡಿದ್ದ ಗುಂಪಿನಲ್ಲಿ ಅದು ೬.೫ ಅಷ್ಟೆ ಎಂಬುದನ್ನೂ ಮರೆಯಬಾರದು.

ಈ ಅಂಕಿಗಳು ಎರಡು ಮಾತುಗಳನ್ನು ಹೇಳುತ್ತವೆ. ಔಷಧಿ ಮಾತ್ರದ ಚಿಕಿತ್ಸೆಗಿಂತ ಶಸ್ತ್ರಚಿಕಿತ್ಸೆಯ ಫಲ ಹೆಚ್ಚು; ಆದರೆ ಅದು ಶಮನವೇ ಹೊರತು ಶಾಶ್ವತ ನಿವಾರಣೆಯಲ್ಲ. ‘ಮಧುಮೇಹ ಬೇರುಸಹಿತ ವಾಸಿ’ ಎಂದು ಸಾರುವ ಜಾಹೀರಾತನ್ನು ಕಂ‌ಡಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ಎಷ್ಟು ವರ್ಷಗಳ ಲೆಕ್ಕ? ರೋಗ ಹೊಸದಾಗಿದ್ದು ಇನ್ಸುಲಿನ್ ಕೊಡುವ ಜೀವಕೋಶಗಳು ಇನ್ನೂ ಉಳಿದಿದ್ದರೆ ಫಲ ಹೆಚ್ಚು. ಅವು ಸತ್ತುಹೋಗಿದ್ದರೆ ಕಡಮೆ. ಮೊದಲನೆಯ ಬಗೆಯ ಮಧುಮೇಹವನ್ನು ಇದು ಗುಣಪಡಿಸಲಾರದು.

ಬೆಲೆಯನ್ನೂ ತೆರಬೇಕಾಗುತ್ತದೆ. ೨೦೦೯ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಾದ ಸಾವಿರ ಮಂದಿಯಲ್ಲಿ ಸುಮಾರು ೩ ಮಂದಿ ಮೊದಲ ತಿಂಗಳೊಳಗೆ ಸತ್ತಿದ್ದರು. ಬದಲುದಾರಿಯಲ್ಲಿ ಕಬ್ಬಿಣ, ಸುಣ್ಣ, ಬಿ-೧೨ ಜೀವಸತ್ತ್ವ ಇವು ಸಾಕಷ್ಟು ಹೀರಲ್ಪಡವು. ಜೀವನಪೂರ್ತಿ ಅವನ್ನು ಪ್ರತ್ಯೇಕವಾಗಿ ಸೇವಿಸಬೇಕು. ಇನ್ನು ಕೆಲವರಲ್ಲಿ ಊಟವಾದ ಒಂದೆರಡು ಗಂಟೆಗಳಲ್ಲಿ ಸಕ್ಕರೆಯು ಸಾಮಾನ್ಯಕ್ಕಿಂತ ಕೆಳಗೆ ಕುಸಿದು ಬೆವರು, ನಡುಕ, ಮೂರ್ಛೆ ಕಾಣಿಸಿಕೊಳ್ಳುತ್ತವೆ. ಆಹಾರ ರಭಸದಿಂದ ಕರುಳಿಗೆ ಇಳಿದು, ದೂತರು ಗಟ್ಟಿಯಾಗಿ ಕೂಗಿ, ನೀರುಗಂಟಿ ತೂಬನ್ನು ಅಗತ್ಯಕ್ಕಿಂತ ಹೆಚ್ಚು ತೆರೆದುಬಿಡುವುದರ ಪರಿಣಾಮವಿದು. ಗುಣ ಕೊಟ್ಟ ಕ್ರಮವೇ ಅತಿಯಾದಾಗ ದೋಷವಾಗುತ್ತದೆ.

ಈ ಚಿಕಿತ್ಸೆ ಯಾರಿಗೆ? ಕಿಲೊಗ್ರಾಂಗಳಲ್ಲಿ ತೂಕವನ್ನು ಮೀಟರುಗಳಲ್ಲಿ ಎತ್ತರದ ವರ್ಗದಿಂದ ಭಾಗಿಸಿದರೆ ಬರುವ ಸಂಖ್ಯೆಯನ್ನು ಇದಕ್ಕೆ ಅಳತೆಯಾಗಿ ಬಳಸುತ್ತಾರೆ. ೨೦೨೨ರಲ್ಲಿ ಶಸ್ತ್ರವೈದ್ಯರ ಅಂತರರಾಷ್ಟ್ರೀಯ ಸಂಘಟನೆಗಳು ಸಾಮಾನ್ಯವಾಗಿ ೩೫ನ್ನು, ಏಷ್ಯದವರಿಗೆ ೨೭.೫ನ್ನು ಮೇರೆಯಾಗಿ ಸೂಚಿಸಿದುವು. ೧.೬ ಮೀಟರ್ ಎತ್ತರದವರಿಗೆ ಇದು ಸುಮಾರು ೭೦ ಕಿಲೊಗ್ರಾಂ. ನಮ್ಮವರಿಗೆ ಬೇರೆ ಮೇರೆ ಏಕೆಂದರೆ, ಅಷ್ಟೇನೂ ದಪ್ಪಗೆ ತೋರದಿದ್ದರೂ ಭಾರತೀಯರಲ್ಲಿ ಹೊಟ್ಟೆಯ ಒಳಗೂ ಯಕೃತ್ತಿನಲ್ಲಿಯೂ ಕೊಬ್ಬು ಶೇಖರವಾಗಿ, ಕಡಮೆ ತೂಕದಲ್ಲಿಯೇ ಮಧುಮೇಹ ಬರುವುದುಂಟು. ಮೇರೆ ದಾಟಿದವರೆಲ್ಲ ಕತ್ತಿಗೆ ಮೈಯೊಡ್ಡಬೇಕೆಂದು ಇದರ ಅರ್ಥವಲ್ಲ. ನಿರ್ಧಾರ ರೋಗಿಗೂ ವೈದ್ಯನಿಗೂ ಸೇರಿದ್ದು.

ದೂತನಿಗೆ ದೀರ್ಘಾಯುಷ್ಯ

ಕರುಳನ್ನು ಕತ್ತರಿಸದೆ ಅದರ ದೂತನನ್ನು ಮಾತ್ರ ಕಳುಹಿಸಬಹುದೆ? ಸಹಜವಾದ ಜಿ.ಎಲ್.ಪಿ.-೧ಕ್ಕೆ ರಕ್ತದಲ್ಲಿ ಆಯುಷ್ಯ ಬಹಳ ಕಿರಿದು. ವಿಕಿರಣಶೀಲ ವಸ್ತುಗಳಿಗೆ ಹೇಳುವಂತೆ ಅದಕ್ಕೂ ಅರ್ಧಾಯುಷ್ಯವನ್ನು ಹೇಳಬಹುದಾದರೆ, ಅದು ಸುಮಾರು ೨ ನಿಮಿಷ. ಹತ್ತು ನಿಮಿಷಗಳಲ್ಲಿ ಐದು ಅರ್ಧಾಯುಷ್ಯಗಳು ಕಳೆದು, ಮೊದಲಿದ್ದುದರ ಮೂವತ್ತೆರಡರಲ್ಲಿ ಒಂದು ಪಾಲು ಉಳಿದೀತು. ನ್ಯೂಯಾರ್ಕಿನ ಜಾನ್ ಎಂಗ್ ಎಂಬ ವೈದ್ಯರು ಅಮೆರಿಕದ ಮರುಭೂಮಿಯ ಗೀಲಾ ಎಂಬ ದೈತ್ಯ ಹಲ್ಲಿಯ ವಿಷದಲ್ಲಿ, ಇದನ್ನೇ ಹೋಲುವ ಆದರೆ ಹೆಚ್ಚು ಹೊತ್ತು ಬಾಳುವ ವಸ್ತುವನ್ನು ಕಂಡು ೧೯೯೨ರಲ್ಲಿ ವರದಿ ಮಾಡಿದರು. ಅದರಿಂದ ತಯಾರಾದ ಔಷಧಿಗೆ ೨೦೦೫ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ೨೦೧೭ರಲ್ಲಿ ಒಪ್ಪಿಗೆ ಪಡೆದ ಸೆಮಾಗ್ಲುಟೈಡ್ ಎಂಬ ಔಷಧಿಯ ಅರ್ಧಾಯುಷ್ಯ ಸುಮಾರು ಒಂದು ವಾರ. ಸಕ್ಕರೆಯೂ ತೂಕವೂ ಇವುಗಳಿಂದ ಇಳಿಯುತ್ತವೆ. ಔಷಧಿ ನಿಲ್ಲಿಸಿದರೆ ತೂಕ ಬಹುಮಟ್ಟಿಗೆ ಮರಳುತ್ತದೆ. ಶಸ್ತ್ರಚಿಕಿತ್ಸೆಯ ಪಾಠವೇ ಇಲ್ಲಿಯೂ ಕಾಣುತ್ತದೆ: ಸಂದೇಶ ಇರುವವರೆಗೆ ಫಲ.

ಹುಣ್ಣಿಗೆಂದು ಮಾಡಿದ ಚಿಕಿತ್ಸೆ ತೂಕದ ಚಿಕಿತ್ಸೆಯಾಯಿತು; ತೂಕಕ್ಕೆಂದು ಮಾಡಿದ್ದು ಸಕ್ಕರೆಯ ರಹಸ್ಯವನ್ನು ಹೊರಗೆಡಹಿತು. ಒಂದು ಚಮಚ ಸಕ್ಕರೆಯನ್ನು ಕಾಯಲು ಯಕೃತ್ತು, ಗ್ರಂಥಿ, ಸ್ನಾಯು, ಮಿದುಳುಗಳೊಡನೆ ಕರುಳೂ ಹಗಲಿರುಳು ದುಡಿಯುತ್ತಿದೆಯೆಂದು ನಾವು ಈಗ ಬಲ್ಲೆವು. ಹತ್ತು ಕೋಟಿ ಮಧುಮೇಹಿಗಳ ಈ ದೇಶದಲ್ಲಿ, ಅವರೆಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡುವುದು ಸಾಧ್ಯವೂ ಅಲ್ಲ, ಉಚಿತವೂ ಅಲ್ಲ. ಆದರೆ ಎರಡನೆಯ ಬಗೆಯ ಮಧುಮೇಹವು ಏರುವ ದಾರಿಯನ್ನು ಮಾತ್ರ ಬಲ್ಲ ರೋಗವಲ್ಲ, ಅದಕ್ಕೆ ಇಳಿಯುವ ದಾರಿಯೂ ಉಂಟು ಎಂಬುದನ್ನು ಈ ಚಿಕಿತ್ಸೆ ಎಲ್ಲರಿಗೂ ತೋರಿಸಿಕೊಟ್ಟಿದೆ. ಆ ದಾರಿಯನ್ನು ಕತ್ತಿಯ ನೆರವಿಲ್ಲದೆ, ಹೆಚ್ಚು ಜನರಿಗೆ, ಹೆಚ್ಚು ಕಾಲ ತೆರೆದಿಡುವುದು ಹೇಗೆಂಬುದು ಇನ್ನು ಮುಂದಿನವರು ಬಿಡಿಸಬೇಕಾದ ಲೆಕ್ಕ.